ಪಾಯಪ್ಪನ ಹೆಸರಿಗೆ ತಂದ ಕಲ್ಲು

೧೯೨೭ನೆಯ ಇಸವಿ, ಫೆಬ್ರವರಿ ತಿಂಗಳ ಒಂದು ಗುರುವಾರ. ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಚಂಪಾಬಾಯಿ ಖಾನಾಪುರದ ತವರುಮನೆಯ ಬಾವಿಕಟ್ಟೆಯ ಮೇಲೆ ಕುಳಿತು ನೀರು ಸೋಸುತ್ತಿದ್ದಳು. ಲೋಂಡಾ ಕಡೆಯಿಂದ ಬರುವ ಗಾಡಿಗೆ ಸ್ಟೇಶನ್ನಿನಲ್ಲಿ ಮೊದಲ ಗಂಟೆ ಹೊಡೆದದ್ದು ಅದೇ ಗಳಿಗೆಗೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಿಡಿದು, ನೀರು ಇಳಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಸಣ್ಣ ಗಿಂಡಿಗೆ ತೊಳೆದುಕೊಂಡು, ಆ ಗಿಂಡಿಯನ್ನು ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿದಳು. ಕಣ್ಣಿಗೆ ಕಾಣದ ಹುಳಗಳು ಬಂದ ನೀರಿಗೇ ಹೋಗಿ ಸೇರಬೇಕು, ಮೇಲಿಂದ ಸುರಿದರೆ ಸಾಯುತ್ತವೆ ಎಂದು ಇದನ್ನು ಅವಳಿಗೆ ಕಲಿಸಿದವನು ಅಪ್ಪ.

"ಗಾಡಿ ತಪ್ಪತೈತಿ, ಹೋಗ. ಉಳದದ್ದ ನಾ ಸೋಸ್ತೀನಿ" ಎಂದು ತಾಯಿ ಸೋನಾಬಾಯಿ ಬಾಗಿಲಲ್ಲಿ ನಿಂತು ಹೇಳಿದಳು.

"ನಿನಗ ಸೊಂಟಾ ಬಗ್ಗಂಗಿಲ್ಲ."

"ಹನ್ನೆರಡ ವರ್ಷ ಯಾರ ಸೋಸಿದ್ರು? ನಿಮ್ಮಪ್ಪ ಬಸರಾದಿಂದ ಬಂದು ಸೋಸಿ ಹೋದನೇನ?"

ಚಂಪಾಬಾಯಿ ನಕ್ಕಳು. ಇನ್ನೂ ಹೊತ್ತು ಹುಟ್ಟಿರಲಿಲ್ಲ, ಹೊತ್ತು ಮುಳುಗಿದ ಮೇಲೂ ಹುಟ್ಟುವ ಮೊದಲೂ ಜೈನರು ಉಣ್ಣುವುದಿಲ್ಲ. ಹಾಗಾಗಿ ಬಾಯಿಗೆ ಏನನ್ನೂ ಹಾಕಿಕೊಳ್ಳದೆ, ಸೋಸಿದ ನೀರಿನ ತಂಬಿಗೆಯೊಂದನ್ನು ಹಿಡಿದು ಹೊರಟಳು. ಅಪ್ಪ ಹೇಗೆ ಸತ್ತನೆಂದು ಹೇಳಬಲ್ಲವರು ಬೆಳಗಾವಿಯಲ್ಲಿ ಒಬ್ಬರಾದರೂ ಸಿಗಬೇಕಾಗಿತ್ತು.

ಅವಳ ಅಪ್ಪ ಪಾಯಪ್ಪ ದಂಡಿನ ಮನುಷ್ಯನಲ್ಲ. ಖಾನಾಪುರದ ಅಕ್ಕಿಯನ್ನು ಕುದುರೆಗಳ ಮೇಲೆ ಹೇರಿಕೊಂಡು ಘಟ್ಟ ಇಳಿದು ಗೋವೆಗೆ ಹೋಗುತ್ತಿದ್ದವನು. ಬರುವಾಗ ಉಪ್ಪು, ಕೊಬ್ಬರಿ ತರುತ್ತಿದ್ದ. ಪ್ರಾಣಿಗಳ ಮೈಯ ಉಣ್ಣಿಗಳನ್ನು ಹಿಚುಕದೆ ಒಂದೊಂದಾಗಿ ಬಿಡಿಸಿ ಗಿಡದ ಬುಡದಲ್ಲಿ ಬಿಡುತ್ತಿದ್ದ. "ಪಾಯಪ್ಪನ ಉಣ್ಣಿಗೆ ನೂರ ವರ್ಷ ಆಯುಷ್ಯ" ಎಂದು ಪೇಟೆಯವರು ನಗುತ್ತಿದ್ದರು. ರೈಲು ಬಂದ ಮೇಲೆ ಹೇರಿನ ಕೆಲಸ ವರ್ಷದಿಂದ ವರ್ಷಕ್ಕೆ ಸೊರಗಿತು. ೧೯೧೫ರಲ್ಲಿ ಸರಕಾರದವರು ತುರ್ಕರ ಮೇಲಿನ ಯುದ್ಧಕ್ಕೆ ಖೇಚರ ಹೊಡೆಯುವವರು, ಅಂದರೆ ಹೇಸರಗತ್ತೆ ನಡೆಸುವವರು, ಬೇಕೆಂದು ಡಂಗುರ ಸಾರಿದಾಗ ಪಾಯಪ್ಪ ಹೆಸರು ಕೊಟ್ಟ. ಬಸದಿಯ ಪಂಚರು ತಡೆದರು. "ಬಂದೂಕ ಹಿಡಿಯಾಕ ಅಲ್ರಿ. ಜನಾವರಕ್ಕ ಹುಲ್ಲು ನೀರು ಹಾಕಾಕ. ಅದರಾಗ ಹಿಂಸಾ ಎಲ್ಲಿ ಬಂತು?" ಎಂದು ಅವನು ವಾದಿಸಿದ. ವಾದದಲ್ಲಿ ಗೆದ್ದ. ಇರಾಕಿನ ಬಸರಾಕ್ಕೆ ಹೋಗುವ ಹಡಗು ಹತ್ತಿದ, ತಿರುಗಿ ಬರಲಿಲ್ಲ.

ಅವನ ಮೇಲೆ ತೀರಬೇಕಾದ ಸಿಟ್ಟು ಸೋನಾಬಾಯಿಯ ಮೇಲೆ ತೀರಿತು. ಸಮುದ್ರ ದಾಟಿದವನ, ದಂಡಿನ ಒಲೆಯಲ್ಲಿ ಉಂಡವನ ಹೆಂಡತಿ ಎಂದು ಬಸದಿಯ ಊಟದ ಪಂಕ್ತಿಯಿಂದ ಅವಳನ್ನು ಎಬ್ಬಿಸಿದರು. ಬರಬೇಡ ಎನ್ನಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂರು ಎಂದರು. ಎಲ್ಲರ ಊಟವಾದ ಮೇಲೆ ಅವಳಿಗೆ ಬಡಿಸುತ್ತಿದ್ದರು. ಇನ್‌ಫ್ಲುಯೆಂಜಾದ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಚಂಪಾಬಾಯಿಗೂ ಅದೇ ಕಟ್ಟೆಯ ಮೇಲೆ ಜಾಗ ಸಿಕ್ಕಿತು. ತಾಯಿ ಮಗಳು ಹಪ್ಪಳ ಲಟ್ಟಿಸಿ ಬದುಕುತ್ತಿದ್ದರು. ಅವರ ಹಪ್ಪಳವನ್ನು ಪಂಚರ ಮನೆಗಳವರೂ ಕೊಳ್ಳುತ್ತಿದ್ದರು. ಹಪ್ಪಳಕ್ಕೆ ಮೈಲಿಗೆ ಇರಲಿಲ್ಲ.

ಹೀಗಿರುವಾಗ ಹಿಂದಿನ ದೀಪಾವಳಿಯ ಸುಮಾರಿಗೆ ಒಂದು ಸುದ್ದಿ ಬಂತು. ಸಂತೆಗೆ ಬಂದ ಯಾರೋ ನಿವೃತ್ತ ಸಿಪಾಯಿ ಹೇಳಿದನಂತೆ: ಟೈಗ್ರಿಸ್ ಹೊಳೆಯ ದಂಡೆಯ ಕೂತ್ ಎಂಬ ಊರಲ್ಲಿ ತುರ್ಕರು ನಮ್ಮ ದಂಡನ್ನು ಮುತ್ತಿಗೆ ಹಾಕಿದ್ದಾಗ ಅಕ್ಕಿ ಹಿಟ್ಟು ತೀರಿ ಕುದುರೆ, ಖೇಚರಗಳನ್ನು ಕಡಿದು ತಿಂದರು, ಖಾನಾಪುರದ ಒಬ್ಬ ಜೈನ ಮಾತ್ರ ಅದನ್ನು ಮುಟ್ಟದೆ ಉಪವಾಸ ಸತ್ತ. ಸುದ್ದಿ ಮೂರು ಸಂತೆ ದಾಟುವಷ್ಟರಲ್ಲಿ ಪಾಯಪ್ಪ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ ಪುಣ್ಯಾತ್ಮನಾಗಿದ್ದ. ಪಂಚರ ಹಿರಿಯ, ಅಕ್ಕಿ ವ್ಯಾಪಾರಿ ಮಹಾವೀರಪ್ಪ, "ನಮ್ಮ ಪಾಯಪ್ಪ" ಎನ್ನತೊಡಗಿದ. ಬಸದಿಯ ಅಂಗಳದಲ್ಲಿ ಅವನ ಹೆಸರಿನ ನಿಷಿಧಿ ಕಲ್ಲು, ಅಂದರೆ ಸಲ್ಲೇಖನದಿಂದ ತೀರಿದವರ ನೆನಪಿನ ಕಲ್ಲು, ನಿಲ್ಲಿಸುವುದೆಂದು ಗೊತ್ತುಮಾಡಿದರು. ಕರಿಕಲ್ಲು ಬಂಡಿಯಲ್ಲಿ ಬಂದೂ ಬಿದ್ದಿತು. ಕಲ್ಲು ನಿಂತ ದಿನ ಸೋನಾಬಾಯಿಯನ್ನು ಪಂಕ್ತಿಯ ಮೊದಲ ಎಲೆಗೆ ಕೂರಿಸುತ್ತೇವೆ ಎಂದು ಮಹಾವೀರಪ್ಪ ಎಲ್ಲರೆದುರು ಮಾತು ಕೊಟ್ಟ. ಅಂದಿನಿಂದ ಸೋನಾಬಾಯಿ ಪೆಟ್ಟಿಗೆಯ ತಳದ ಇಳಕಲ್ ಸೀರೆಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತಿದ್ದಳು.

ಅಡ್ಡ ಬಂದದ್ದು ಊರೂರು ನಡೆಯುತ್ತ ವಿಹಾರದಲ್ಲಿ ಬಂದಿದ್ದ ವೃದ್ಧ ಮುನಿಗಳ ಮಾತು. "ಹಸಿದು ಸಾಯುವುದು ಬೇರೆ, ಅನ್ನ ತ್ಯಜಿಸಿ ಸಾಯುವುದು ಬೇರೆ. ತ್ಯಜಿಸಿದೆ ಎಂದು ಅವನು ಬಾಯಿಬಿಟ್ಟು ಹೇಳಿರಬೇಕು, ಕೇಳಿದವರು ಬಂದು ನುಡಿಯಬೇಕು. ಹತ್ತು ದಿನ ಇಲ್ಲಿರುತ್ತೇನೆ" ಎಂದರು. ಆ ಮಾತನ್ನು ಕೇಳಿದವರನ್ನು ಹುಡುಕಿಕೊಂಡು ಚಂಪಾಬಾಯಿ ಗಾಡಿ ಹತ್ತಿದ್ದಳು.

ಬೆಳಗಾವಿಯ ಕ್ಯಾಂಪಿನಲ್ಲಿ ಅವಳು ಮೊದಲು ಹೋದದ್ದು ದಂಡಿನ ಒಂದು ಕಚೇರಿಗೆ. ವರಾಂಡದ ಕಾರಕೂನ ಮೂಗಿನ ಮೇಲಿನ ಚಾಳೀಸು ಸರಿಪಡಿಸಿಕೊಂಡು ಕೇಳಿದ.

"ಸಿಪಾಯಿ ಏನ್ರಿ ಬಾಯಿ?"

"ಅಲ್ರಿ. ಖೇಚರ ಹೊಡೀತಿದ್ರು."

"ಹಾಂ, ಫಾಲೋವರ್. ಅವರದು ಬ್ಯಾರೆ ಖಾತೆ. ಇಲ್ಲಿ ಸಿಪಾಯ್ರದಷ್ಟ. ಖೇಚರದ್ದ ಹೇಳ್ರಿ ಬೇಕಾರ, ಖೇಚರಕ್ಕ ನಂಬರ ಇರತೈತಿ, ಎಲ್ಲಿ ಸತ್ತೈತಿ ಹುಡುಕಬಹುದು. ಅದರ ಹಿಂದ ನಡದವನನ್ನ ಹ್ಯಾಂಗ ಹುಡುಕೂದು?"

ಅವನು ಕುಹಕಕ್ಕೆ ಹೇಳಲಿಲ್ಲ. ಇದ್ದದ್ದನ್ನು ಹೇಳಿದ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು. ಆಮೇಲೆ ಅವನಿಗೇ ಏನನಿಸಿತೋ, ಚರ್ಚಿನ ಬಾಜು ಟಾಂಗಾ ನಿಲ್ಲುವಲ್ಲಿ ತಮ್ಮಣ್ಣ ಅನ್ನುವವನು ಬಸರಾಕ್ಕೆ ಹೋಗಿ ಬಂದವನೆಂದೂ, ಕೇಳಿ ನೋಡಬಹುದೆಂದೂ ಹೇಳಿದ.

ತಮ್ಮಣ್ಣ ಬಾಡಿಗೆಯ ಮೇಲೆ ಕಿಲ್ಲೆಯ ಕಡೆ ಹೋಗಿದ್ದ. ಅವನು ಬರುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಐವತ್ತರ ಮೇಲಿನ ಲಿಂಗಾಯತ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ಮಾತಾಡುವ ಮೊದಲು ಕುದುರೆಗೆ ನೀರು ಕುಡಿಸಿ ಹುರಳಿ ಚೀಲ ಕಟ್ಟಿದ.

"ಎಲ್ಲಿಗೆ ಹೋಗಬೇಕ್ರಿ ಅಕ್ಕಾ?"

"ಎಲ್ಲಿಗೂ ಇಲ್ರಿ. ನಾ ಖಾನಾಪುರದ ಪಾಯಪ್ಪನ ಮಗಳು."

ತಮ್ಮಣ್ಣನ ಕೈ ಚೀಲದ ಗಂಟಿನ ಮೇಲೇ ನಿಂತಿತು. ಅವಳ ಮುಖ ನೋಡಿದ. ಆಮೇಲೆ ತಲೆಯೆತ್ತಿ ಪಡುವಣ ದಿಕ್ಕಿನ ಸೂರ್ಯನನ್ನು ನೋಡಿದ. "ಏನರ ತಿಂದೀಯೋ ಇಲ್ಲೋ, ತಂಗಿ?" ಎಂದು ಕೇಳಿದವನು ಉತ್ತರಕ್ಕೂ ಕಾಯದೆ ಹಿಂದಿನ ಓಣಿಯ ತನ್ನ ಮನೆಗೆ ಕರೆದೊಯ್ದು, ಸೊಸೆಗೆ ಕೂಗಿ ಚುರುಮುರಿ, ಬೆಲ್ಲ ತರಿಸಿ ಅವಳ ಮುಂದಿಟ್ಟ. "ಉಳ್ಳಾಗಡ್ಡಿ ಹಾಕಿಲ್ಲ. ಇನ್ನಾ ಹೊತ್ತ ಐತಿ. ಲಗೂ ತಿನ್ನ."

ಇವನು ಅಪ್ಪನ ಜೊತೆ ಉಂಡು ಬಾಳಿದವನು ಎಂಬುದಕ್ಕೆ ಚಂಪಾಬಾಯಿಗೆ ಬೇರೆ ಗುರುತು ಬೇಕಾಗಲಿಲ್ಲ. ಅವಳು ತಿಂದಳು. ಸೊಸೆ ಮನೆಯೊಳಗೆ ಹೋದಳು. ತಮ್ಮಣ್ಣ ಬಾಗಿಲನ್ನು ಅರ್ಧ ಮುಂದೆ ಮಾಡಿ, ಸಣ್ಣ ದನಿಯಲ್ಲಿ ಹೇಳತೊಡಗಿದ.

"ನಮ್ಮದು ಕಾಯಿಪಲ್ಯಾ ಒಲಿ ಅಂತಿದ್ರು. ಮಾಂಸ ಮುಟ್ಟದವರನ್ನೆಲ್ಲಾ ಒಂದ ಒಲಿಗೆ ಹಾಕಿದ್ರು. ನಾವು ಲಿಂಗಾಯತರು ಆರ ಮಂದಿ, ಪಂಢರಾಪುರದ ತುಳಸಿಮಾಲಿ ಹಾಕ್ಕೊಂಡ ಮರಾಠರು ಇಬ್ಬರು, ನಿಮ್ಮಪ್ಪ ಒಬ್ಬಂವಾ. ಒಲಿ ಹಿರೇತನ ಅಂವಗ ಕೊಟ್ಟಿದ್ವಿ. ಯಾಕಂದ್ರ ಅಂವಾ ಸುಳ್ಳ ಹೇಳತಿದ್ದಿಲ್ಲ. ಬ್ಯಾಸರ ಬರೂ ಅಷ್ಟ ಖರೇ ಮನಿಶ್ಯಾ."

ಮುತ್ತಿಗೆ ಬಿಗಿಯಾದಂತೆ ಒಬ್ಬೊಬ್ಬರ ಹಿಟ್ಟು ದಿನಕ್ಕೆ ನಾಲ್ಕು ಔನ್ಸಿಗೆ ಇಳಿಯಿತು. ನಮ್ಮ ಅಳತೆಯಲ್ಲಿ ಹತ್ತು ತೊಲೆಗೂ ತುಸು ಕಡಿಮೆ. ಅಂಗೈಯಗಲದ ಒಂದು ರೊಟ್ಟಿ. ಖೇಚರಗಳನ್ನು ಕಡಿಯಲು ಒಯ್ಯುವ ಕೆಲಸವೂ ಅವುಗಳನ್ನು ಹೊಡೆಯುತ್ತಿದ್ದವರದೇ. ಪಾಯಪ್ಪ ತನ್ನದಕ್ಕೆ ಗಂಗಿ ಎಂದು ಹೆಸರಿಟ್ಟಿದ್ದ. ಒಯ್ಯುವ ಮೊದಲು ಅದರ ಕಿವಿಯೊಳಗಿನ ಉಣ್ಣಿಗಳನ್ನೆಲ್ಲ ಬಿಡಿಸಿದನಂತೆ.

"ಮಾಂಸ ತಗೋಳ್ರಿ, ಇಲ್ಲಾಂದ್ರ ಸಾಯ್ತೀರಿ ಅಂದ್ರು ಸಾಹೇಬರು. ಹಿಂದೂಸ್ಥಾನದಿಂದ ಸ್ವಾಮಿಗೋಳು, ಮೌಲ್ವಿಗೋಳು ಅಪ್ಪಣಿ ಕಳಿಸ್ಯಾರ, ಆಪತ್ತಿನ್ಯಾಗ ದೋಷ ಇಲ್ಲ ಅಂತ ಓದಿ ಹೇಳಿದ್ರು. ನಿಮ್ಮ ಮುನಿಗೋಳ ಹೆಸರ ಬರಲಿಲ್ಲ. ನಿಮ್ಮಪ್ಪ ನಕ್ಕ. 'ನೋಡೋ ತಮ್ಮಣ್ಣಾ, ನನ್ನನ್ನ ಇಲ್ಲೂ ಪಂಕ್ತಿ ಬಿಟ್ಟ ಕುಂದ್ರಿಸ್ಯಾರ' ಅಂದ."

ಚಂಪಾಬಾಯಿ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಯಾರೂ ಒಪ್ಪಲಿಲ್ಲ, ತಂಗಿ. ಹಸಿವಿಗಿಂತ ಒಬ್ಬರಿಗೊಬ್ಬರು ಅಂಜಿದ್ವಿ. ನಾ ತಿಂದೆ, ಬಾಜೂದಂವಾ ತಿನ್ನಲಿಲ್ಲ ಅಂದ್ರ ನಾಳೆ ಊರಿಗೆ ಹೋಗಿ ಅಂವಾ ಹೇಳತಾನ. ನನ್ನ ಹೆಂಡ್ತಿ ಮಕ್ಕಳು ಮಠದ ಹೊರಗ. ಹಂಗಂತ ಎಲ್ಲಾರೂ 'ಛೇ, ಪ್ರಾಣ ಹೋದ್ರೂ ಇಲ್ಲ' ಅಂತ ಮೀಸಿ ತಿರವತಿದ್ವಿ. ಬಾಳಪ್ಪ ಅಂಬೋ ಹುಡುಗ ಆಗಲೇ ಎದ್ದ ಕುಂದ್ರಾಕ ಬರದಂಗ ಆಗಿತ್ತು."

ಆಗ ಪಾಯಪ್ಪ ಒಂದು ಉಪಾಯ ಮಾಡಿದ. ಗಂಗಿಯ ಬಾಯಿಗೆ ಕಟ್ಟುತ್ತಿದ್ದ ಹುರಳಿ ಚೀಲ ಖಾಲಿ ಉಳಿದಿತ್ತು. ಒಬ್ಬೊಬ್ಬರಿಗೂ ಒಂದೊಂದು ಲಾಳದ ಮೊಳೆ ಕೊಟ್ಟ. ಆ ನಾಡಿನಲ್ಲಿ ಬರೀ ಮೆಕ್ಕಲು ಮಣ್ಣು, ಎಣಿಸಲು ಹರಳೆಂಬುದು ಇಲ್ಲ. ತಿನ್ನಲು ಮನಸ್ಸಿದ್ದವನು ಚೀಲದೊಳಗೆ ಕೈ ಹಾಕಿದಾಗ ಮೊಳೆ ಬಿಡಬೇಕು. ಇಲ್ಲದವನು ಮುಷ್ಟಿಯಲ್ಲೇ ಇಟ್ಟುಕೊಂಡು ಕೈ ತೆಗೆಯಬೇಕು. ಯಾರು ಬಿಟ್ಟರೆಂದು ಯಾರಿಗೂ ತಿಳಿಯಬಾರದು. ಮಾಂಸ ಹಂಚುವ ಜಮಾದಾರನಿಗೆ ಬೇಕಾದದ್ದು ಹೆಸರಲ್ಲ, ಸಂಖ್ಯೆ.

"ಚೀಲ ಎಲ್ಲಾರನ್ನೂ ದಾಟಿ ಬಂತು. ನಿಮ್ಮಪ್ಪ ಒಳಗ ಕೈ ಹಾಕಿ ತಡವಿ ನೋಡಿದ. ಜಮಾದಾರ ನಿಂತಿದ್ದ. ಅವಗ ಹಿಂದೂಸ್ಥಾನಿಯಾಗ ಹೇಳೂ ಮೊದಲ ನಮ್ಮ ಕಡೆ ತಿರಿಗಿ, ಕನ್ನಡದಾಗ, ಎಲ್ಲಾರಿಗೂ ಕೇಳೂ ಹಂಗ ಅಂದ: 'ಒಂಬತ್ತು.' ಹಂಗಂದು ಚೀಲ ತಿರಿವಿ ಮೊಳಿ ಎಲ್ಲಾ ಲಾಳ ಹೊಡಿಯೂ ನಾಲಬಂದನ ಡಬ್ಬಿಯಾಗ ಸುರವಿಬಿಟ್ಟ."

"ಒಂಬತ್ತೂ ಇದ್ದುವೇನ್ರಿ?"

ತಮ್ಮಣ್ಣ ಮೊಣಕಾಲ ಮೇಲಿನ ತನ್ನ ಕೈಯನ್ನೇ ನೋಡಿದ. "ನಾ ನನ್ನ ಮೊಳಿ ಬಿಟ್ಟಿದ್ದಿಲ್ಲ. ಅಂಜಿದ್ದೆ. ಬಾಳಪ್ಪನೂ ಬಿಟ್ಟಿಲ್ಲ ಅಂತ ಆಮ್ಯಾಲೆ ಹೇಳಿದ. ಎಷ್ಟ ಇದ್ದುವೋ ಅಂವಗ ಗೊತ್ತು. ಒಂದೂ ಇದ್ದಿದ್ದಿಲ್ಲೋ ಏನೋ. ಖರೇ, ಪಾಯಪ್ಪಣ್ಣ ಒಂಬತ್ತ ಅಂದ ಮ್ಯಾಲೆ ಎಲ್ಲಾರೂ ಬಿಟ್ಟಾರ ಅಂತ ಎಲ್ಲಾರೂ ತಿಳಕೊಂಡ್ರು. ಯಾರು ಯಾರನ್ನ ಬೈಯೂದು? ತಿಂದ್ವಿ."

"ಅಪ್ಪಾ?"

"ಹಗಲ ಒಲಿ ಹಚ್ಚಿದ್ರ ಹೊಗಿ ನೋಡಿ ತುರ್ಕರು ಗುಂಡ ಹಾಕ್ತಿದ್ರು. ಕತ್ತಲಾದ ಮ್ಯಾಲೇ ಬೇಯಿಸಬೇಕ. ಬೆಂದ ಮ್ಯಾಲೆ ಕರದ್ರ ಅಂತಿದ್ದ, 'ಹೊತ್ತ ಮುಳಗೇತಿ. ನನ್ನ ಪಾಲ ಹಂಚಿಕೋರ್ರಿ.' ದಿನಾ ಅದ ಮಾತ. ಒಂದ ದಿನಾನೂ ತಿನ್ನಂಗಿಲ್ಲ ಅನ್ನಲಿಲ್ಲ. ಅಂದಿದ್ರ ನಾವೂ ತುತ್ತ ಕೆಳಗ ಇಡತಿದ್ವಿ, ಅದು ಅಂವಗ ಗೊತ್ತು. ಅಂವನ ಪಾಲ ಬಾಳಪ್ಪ ಒಮ್ಮೆ ತಿಂದ, ನಾ ಒಮ್ಮೆ ತಿಂದೆ. ಬಿಳೇ ನಿಶಾನಿ ಏರಿಸೂ ಮುಂಚಿನ ವಾರ ನಿಮ್ಮಪ್ಪ ಹೋದ. ನಾವು ತುರ್ಕರ ಸೆರಿಯಾಗ ನಡಕೋತ ಹೋದ್ವಿ. ನಾಕ ಮಂದಿ ಜೀವಂತ ಬಂದ್ವಿ."

ಚಂಪಾಬಾಯಿ ತಾನು ಬಂದ ಕೆಲಸ ಹೇಳಿದಳು. ಕಲ್ಲು, ಮುನಿಗಳು, ತಾಯಿಗೆ ಸಿಗಬೇಕಾದ ಮೊದಲ ಎಲೆ.

"ತ್ಯಜಿಸಿದ ಅಂತ ನಾ ಹೇಳಬೇಕೇನು?"

"ಹೌದ್ರಿ."

"ಅಂವಾ ಹಂಗ ಅಂದಿಲ್ಲ. ಆದ್ರ ತಿಂದಿಲ್ಲ ಅನ್ನೂದು ಖರೇ. ಹ್ಯಾಂಗ ಗೊತ್ತು ಅಂತ ಕೇಳತಾರ. ಅಂವನ ಪಾಲ ನನ್ನ ಹೊಟ್ಟಿಗೆ ಹೋತು ಅನ್ನಬೇಕ." ಒಳಗೆ ಸೊಸೆ ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತಿತ್ತು. "ಇಕೀಗೆ ಗೊತ್ತಿಲ್ಲ. ಮಗಗ ಗೊತ್ತಿಲ್ಲ. ಮಠದ ಅಯ್ಯಾರು ವಾರಕ್ಕೊಮ್ಮೆ ಈ ಮನ್ಯಾಗ ಪ್ರಸಾದ ತಗೋತಾರ. ಬಾಳಪ್ಪ ಹುದಲಿಯಾಗ ಮಕ್ಕಳೊಂದಿಗ ಅದಾನ. ತುಳಸಿಮಾಲಿಯವ ಒಬ್ಬಂವಾ ನಿಮ್ಮ ಖಾನಾಪುರ ಕಡೇನ ಅದಾನ, ಈಗ ಪಂಢರಾಪುರದ ದಿಂಡಿ ಮುಂದ ವೀಣಾ ಹಿಡೀತಾನ." ತಮ್ಮಣ್ಣ ಎದ್ದು ನಿಂತ. "ಬಾ ಅಂದ್ರ ಬರ್ತೀನಿ. ಅಂವನ ಮಗಳು ಕೇಳಿದ್ರ ಇಲ್ಲ ಅನ್ನೂ ಬಾಯಿ ನನಗಿಲ್ಲ. ನೀ ವಿಚಾರ ಮಾಡ."

ಸ್ಟೇಶನ್ನಿನವರೆಗೆ ಅವನೇ ಟಾಂಗಾದಲ್ಲಿ ಬಿಟ್ಟ.

ಭಾನುವಾರ ಮಧ್ಯಾಹ್ನ ಬಸದಿಯ ಅಂಗಳದಲ್ಲಿ ಪಂಚರು ಕೂಡಿದರು. ಕರಿಕಲ್ಲು ಗೋಡೆಗೆ ಒರಗಿಕೊಂಡಿತ್ತು. ಕಲ್ಲುಕುಟಿಗ ಉಳಿ ಮಸೆದುಕೊಂಡು ಕಾಯುತ್ತಿದ್ದ. ಸೋನಾಬಾಯಿ ಇಳಕಲ್ ಸೀರೆ ಉಟ್ಟು ಬಂದು ರೂಢಿಯಂತೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಇನ್ನೇನು ಒಳಗೆ ಕರೆಯುತ್ತಾರೆಂದು ಸೆರಗು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತಿದ್ದಳು. ಚಂಪಾಬಾಯಿ ಮೂರು ದಿನಗಳಿಂದ ಅವಳಿಗೆ ಏನನ್ನೂ ಹೇಳಿರಲಿಲ್ಲ.

"ಹೋಗಿ ಬಂದೆಯಂತೆ. ಕೇಳಿದವರು ಸಿಕ್ಕರೇ, ಮಗಳೇ?" ಎಂದು ಮುನಿಗಳು ಕೇಳಿದರು.

ಚಂಪಾಬಾಯಿ ಕಟ್ಟೆಯ ಕಡೆ ಒಮ್ಮೆ ನೋಡಿದಳು. ಸತ್ಯ ಹೇಳಿದರೆ ತಮ್ಮಣ್ಣನನ್ನು ಕರೆಸುತ್ತಾರೆ. ಅವನು ಬರುತ್ತಾನೆ. ಬಂದರೆ ಚೀಲದೊಳಗಿನ ಮೊಳೆಗಳು ಒಂದೊಂದಾಗಿ ಹೊರಗೆ ಬರುತ್ತವೆ, ಒಂದೊಂದೂ ಹೆಸರಿನ ಸಮೇತ. ಅಪ್ಪ ಅವನ್ನು ಡಬ್ಬಿಯಲ್ಲಿ ಸುರಿದದ್ದು ಹಾಗಾಗದಿರಲೆಂದು.

"ಯಾರೂ ಸಿಗಲಿಲ್ರಿ, ಮಹಾರಾಜ್" ಎಂದಳು.

"ಯಾರೂ ಅಂದ್ರ ಯಾರೂ?" ಮಹಾವೀರಪ್ಪ ಅರ್ಧ ಎದ್ದ. "ಅಷ್ಟ ದೊಡ್ಡ ಕ್ಯಾಂಪಿನಾಗ ಒಬ್ಬನೂ ಇಲ್ಲೇನ? ನಾನಾಗಿದ್ರ ಹತ್ತ ಮಂದಿ ತರತಿದ್ದೆ."

"ನೀವ ಹೋಗಬೇಕಾಗಿತ್ರಿ ಕಾಕಾ. ಹನ್ನೆರಡ ವರ್ಷ ರೈಲ ಇತ್ತು."

ಯಾರೋ ಹಿಂದೆ ಕಿಸಕ್ಕೆಂದರು. ಮಹಾವೀರಪ್ಪನ ಮುಖ ಕೆಂಪೇರಿತು. ಮುನಿಗಳು ಕಣ್ಣು ಮುಚ್ಚಿ, "ಹಾಗಿದ್ದರೆ ಅದು ಹಸಿವು" ಎಂದಷ್ಟೇ ನುಡಿದು ಎದ್ದರು.

ತಂದ ಕಲ್ಲು ಬರಿದೇ ಹೋಗಬಾರದೆಂದು ಪಂಚರು ವಾರದೊಳಗೆ ಅದಕ್ಕೆ ಬೇರೆ ಹೆಸರು ಗೊತ್ತುಮಾಡಿದರು. ಮಹಾವೀರಪ್ಪನ ತಂದೆ ಹಿಂದಿನ ವರ್ಷ ಸಿಹಿಮೂತ್ರದ ಬೇನೆಯಲ್ಲಿ ತೀರಿಕೊಂಡಿದ್ದ. ಕೊನೆಯ ದಿನಗಳಲ್ಲಿ ಅವನು ಅನ್ನ, ಸಕ್ಕರೆ ಎರಡನ್ನೂ ಬಿಟ್ಟದ್ದು ನಿಜ. ಬಿಡಿಸಿದವನು ಡಾಕ್ಟರ. ಸಾಕ್ಷಿ ಹೇಳಲು ಮನೆಯವರೆಲ್ಲ ಇದ್ದರು. ಮುನಿಗಳು ಅಷ್ಟರಲ್ಲಿ ಮುಂದಿನ ಊರಿಗೆ ನಡೆದಿದ್ದರು. ಕಲ್ಲು ನಿಂತ ದಿನದ ಊಟದಲ್ಲಿ ಹೋಳಿಗೆ ಇತ್ತು. ಕಟ್ಟೆಯ ಮೇಲಿನವರ ಸರದಿ ಬರುವಷ್ಟರಲ್ಲಿ ಮುಗಿದಿತ್ತು. ಹಪ್ಪಳ ಉಳಿದಿತ್ತು, ಅದು ಅವರದೇ.

ಅಲ್ಲಿಂದ ಮನೆಗೆ ಬಂದು ಸೋನಾಬಾಯಿ ಇಳಕಲ್ ಸೀರೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. "ಒಂದ ಕೆಲಸಾ ಹೇಳಿದ್ದೆ. ಸತ್ತವನ ಹೆಸರು ಹುಡುಕಾಕ ಹೋಗಿ ಇದ್ದ ಹೆಸರೂ ಕಳಕೊಂಡ ಬಂದಿ. ಇದಕಿಂತ ಮನ್ಯಾಗ ಹಪ್ಪಳಾ ಲಟ್ಟಿಸಿದ್ರ ಬೇಷಿತ್ತು" ಎಂದಳು.

ಆಗ ಚಂಪಾಬಾಯಿ ಬಾಗಿಲು ಹಾಕಿ ಬಂದು, ತಾಯಿಯ ಎದುರು ಕುಳಿತು, ಹುರಳಿ ಚೀಲದಿಂದ ಬಿಳಿ ನಿಶಾನೆಯವರೆಗೆ ಎಲ್ಲವನ್ನೂ ಹೇಳಿದಳು. ತಮ್ಮಣ್ಣನ ಹೆಸರನ್ನೂ ಊರನ್ನೂ ಬಿಟ್ಟು ಹೇಳಿದಳು. ಸೋನಾಬಾಯಿ ಅಳಲಿಲ್ಲ. ಹೇಳುವುದು ಮುಗಿದ ಮೇಲೂ ಗೋಡೆಯನ್ನೇ ನೋಡುತ್ತಿದ್ದಳು. ಸಂಜೆಯ ಬಿಸಿಲು ಕಿಟಕಿಯ ಕಂಬಿಗಳಿಂದ ಅಲ್ಲಿ ಬಿದ್ದಿತ್ತು. ಅದು ಅಳಿಯುವ ಮೊದಲು ಇಬ್ಬರೂ ಉಣ್ಣಬೇಕಾಗಿತ್ತು. ಯಾರೂ ಏಳಲಿಲ್ಲ.

"ತಿಂದವರು ಮನಿಗೆ ಬಂದ್ರು" ಎಂದಳು ಸೋನಾಬಾಯಿ ಕೊನೆಗೆ.

"ನಾಕ ಮಂದಿ ಬಂದ್ರಂತ."

"ಅಂವನೂ ತಿಂದ ಬಂದಿದ್ರ ನಾ ಏನ ಹೊರಗ ಹಾಕತಿದ್ನೇನ? ನಾನೂ ಕಟ್ಟೀ ಮ್ಯಾಲೆ, ಅಂವನೂ ಕಟ್ಟೀ ಮ್ಯಾಲೆ. ಕೂಡೇ ಉಣತಿದ್ವಿ." ಅವಳು ಮಗಳ ಕಡೆ ತಿರುಗಿದಳು. "ಚೀಲದಾಗ ಕೈ ಹಾಕಿ, ಹುಡುಗನ್ನ ಹಿಡದ, ತುಳಸಿಮಾಲಿಯವರನ್ನ ಹಿಡದ, ಎಲ್ಲಾರನ್ನೂ ಲೆಕ್ಕಕ್ಕ ಹಿಡದ ಅಂದಿ. ನನ್ನ, ನಿನ್ನ ಹಿಡದಿದ್ರ ಹನ್ನೊಂದ ಆಗತಿತ್ತು. ಇನ್ನೊಮ್ಮೆ ಹೇಳ, ಚಂಪಾ. ಎಲ್ಲಾರಿಗೂ ಕೇಳೂ ಹಂಗ ಅಂವಾ ಏನಂದ?"

"ಒಂಬತ್ತು."